ಕಲ್ಲಾದ ಮರಕ್ಕೆ ಬ್ಲೀಚ್: ಒಂದು ಬಕೆಟ್‌ನಿಂದ ಇನ್ನೊಂದಕ್ಕೆ ಹಾಕುವ ಮುನ್ನ

ಕಲ್ಲಾದ ಮರವೆಂದರೆ ಖನಿಜ ತುಂಬಿಕೊಂಡು ಕಲ್ಲಾಗಿರುವ ಪ್ರಾಚೀನ ಮರದ ಪಳೆಯುಳಿಕೆ. ಅದರ ಮೇಲಿನ ಪಾಚಿ, ಕಲ್ಲುಹೂವು ತೆಗೆಯಲು ಬ್ಲೀಚ್, ತುಕ್ಕಿನ ಕಲೆ ತೆಗೆಯಲು ಆಮ್ಲ ಬಳಸುತ್ತಾರೆ. ನೋಡಲು ಅದು ಗಟ್ಟಿ ಕಲ್ಲು. ಸಿಲಿಕಾ, ಅಂದರೆ ಬೆಣಚುಕಲ್ಲಿನ ಖನಿಜ, ತುಂಬಿಕೊಂಡ ಒಳ್ಳೆಯ ತುಂಡಿನ ಗಡಸುತನ 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ 7ರ ಹತ್ತಿರ ಇರುತ್ತದೆ, ಉಕ್ಕಿನ ಚಾಕು ಅದರ ಮೇಲೆ ಗೀರು ಮೂಡಿಸಲಾರದು. ಆದರೆ ಒಳಗೆಲ್ಲ ಕೂದಲೆಳೆಯಂಥ ಬಿರುಕುಗಳು, ಹಳೆಯ ಮರದ ನಾಳಗಳು, ತೊಗಟೆಯ ಕಡೆ ಟೊಳ್ಳು ಜಾಗಗಳು ಇರುತ್ತವೆ. ಯಾವ ದ್ರವದಲ್ಲಿ ನೆನೆಸಿದರೂ ಅದರಲ್ಲಿ ಒಂದಿಷ್ಟು ಇವುಗಳೊಳಗೆ ಸೇರಿಕೊಳ್ಳುತ್ತದೆ, ಮೇಲೆ ನೀರು ಸುರಿದು ತೊಳೆದರೆ ಹೊರಗೆ ಬರುವುದಿಲ್ಲ. ಬ್ಲೀಚ್‌ನಲ್ಲಿ ನೆನೆದ ತುಂಡನ್ನು ನಲ್ಲಿಯ ಕೆಳಗೆ ತೊಳೆದು ನೇರ ಆಮ್ಲದ ಬಕೆಟ್‌ಗೆ ಹಾಕಿದರೆ, ಒಳಗೆ ಉಳಿದ ಬ್ಲೀಚ್ ಅಲ್ಲಿ ಕ್ಲೋರಿನ್ ಅನಿಲವಾಗುತ್ತದೆ. ಈ ಕೆಲಸದ ದೊಡ್ಡ ಅಪಾಯ ಇದು. ಆದ್ದರಿಂದ ರಾಸಾಯನಿಕದ ಬಕೆಟ್‌ಗಳಷ್ಟೇ ಗಮನ ಅವುಗಳ ನಡುವಿನ ಬರೀ ನೀರಿನ ಬಕೆಟ್‌ಗೂ ಸಲ್ಲಬೇಕು.

ಸಣ್ಣ ಲೆಕ್ಕವೊಂದನ್ನು ನೋಡಿ. 1% ಬ್ಲೀಚ್‌ನ 100 ಮಿಲಿ ಕಲ್ಲಿನ ಬಿರುಕುಗಳಲ್ಲಿ ಉಳಿದಿದೆ ಎನ್ನೋಣ. ಅದರಲ್ಲಿರುವುದು 1 ಗ್ರಾಂ ಸೋಡಿಯಂ ಹೈಪೋಕ್ಲೋರೈಟ್. ಆಮ್ಲ ತಾಗಿ ಅದೆಲ್ಲ ಅನಿಲವಾದರೆ ಸುಮಾರು ಮೂರನೇ ಒಂದು ಲೀಟರ್ ಕ್ಲೋರಿನ್. 2 ಮೀಟರ್ ಉದ್ದ, 1.5 ಮೀಟರ್ ಅಗಲ, 2.4 ಮೀಟರ್ ಎತ್ತರದ ಬಚ್ಚಲುಮನೆಯಲ್ಲಿ ಅದು ಹರಡಿಕೊಂಡರೆ 45 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 45 ಪಾಲು) ದಾಟುತ್ತದೆ. ಕೆಲಸಗಾರರ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಕ್ಲೋರಿನ್‌ಗೆ ಇಟ್ಟಿರುವ, ಜೀವಕ್ಕೆ ತಕ್ಷಣ ಅಪಾಯವೆನ್ನುವ ಮಟ್ಟ 10 ಪಿಪಿಎಂ. ಸ್ವಲ್ಪ ಅನಿಲ ನೀರಿನಲ್ಲೇ ಕರಗಿ ಉಳಿದರೂ ಇದು ಆಟದ ಮಾತಲ್ಲ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲದ ಮಟ್ಟದಲ್ಲಿ, ಅಂದರೆ ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತವರ ಮುಖದ ಮಟ್ಟದಲ್ಲೇ ನಿಲ್ಲುತ್ತದೆ.

ಮೊದಲು ಕಲೆ ಯಾವುದು ಎಂದು ತಿಳಿಯಿರಿ

ಬ್ಲೀಚ್ ಕೊಲ್ಲುವುದು ಜೀವ ಇರುವುದನ್ನು, ತೆಗೆಯುವುದು ಜೀವಿಗಳಿಂದಾದ ಕಲೆಯನ್ನು: ಪಾಚಿ, ಕಲ್ಲುಹೂವು, ಬೂಷ್ಟು, ಕೊಳೆತ ಎಲೆಯ ಕಂದು ಬಣ್ಣ. ತುಕ್ಕಿನಂಥ ಕೆಂಪು, ಹಳದಿ ಕಲೆ ಕಬ್ಬಿಣದ್ದು. ಬ್ಲೀಚ್ ಅದನ್ನು ಮುಟ್ಟುವುದೂ ಇಲ್ಲ. ಇಲ್ಲೇ ಹೆಚ್ಚಿನವರು ಎಡವುತ್ತಾರೆ: 1% ಬ್ಲೀಚ್‌ಗೆ ತುಕ್ಕು ಹೋಗಲಿಲ್ಲವೆಂದು 5% ಮಾಡುತ್ತಾರೆ, ಆಗಲೂ ಹೋಗಲಿಲ್ಲವೆಂದು ಕ್ಯಾನಿನಿಂದ ನೇರವಾಗಿ ಸುರಿಯುತ್ತಾರೆ, ಕೊನೆಗೆ ಅದೇ ಬಕೆಟ್‌ಗೆ ಆಸಿಡ್ ಸೇರಿಸುತ್ತಾರೆ. ತುಕ್ಕಿಗೆ ಬೇಕಾದದ್ದು ಆಕ್ಸಾಲಿಕ್ ಆಮ್ಲ, ಅದೂ ಬೇರೆ ಬಕೆಟ್‌ನಲ್ಲಿ, ಬೇರೆ ದಿನ.

ಕಪ್ಪು ಬಣ್ಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕಪ್ಪು ಮೂರು ಬಗೆಯದಿರಬಹುದು. ಒಣಗಿದ ಕಲ್ಲುಹೂವಾದರೆ ನೀರು ಹಾಕಿದಾಗ ಮೆತ್ತಗಾಗಿ ಉಗುರಿಗೆ ಎದ್ದು ಬರುತ್ತದೆ. ಮ್ಯಾಂಗನೀಸ್ ಆದರೆ ಜರೀಗಿಡದ ಎಲೆಯ ಹಾಗೆ ಕವಲೊಡೆದ ಗೆರೆಗಳಲ್ಲಿ ಅಥವಾ ಮಸಿಯ ಪದರದಂತೆ ಕೂತಿರುತ್ತದೆ. ಮೂರನೆಯದು ಮರದ್ದೇ ಇಂಗಾಲ, ಕಲ್ಲಿನ ಸಹಜ ಬಣ್ಣ. ಬ್ಲೀಚ್ ಮತ್ತು ಬಣ್ಣ ತೆಗೆಯುವ ಇನ್ನೊಂದು ದ್ರವವಾದ ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಇಂಗಾಲದ ಭಾಗವನ್ನು ಮಂಕು ಮಾಡಬಹುದು, ಪೂರ್ತಿ ಸಿಲಿಕಾ ಆಗದೆ ಇನ್ನೂ ಅರೆಕಲ್ಲಿದ್ದಲಾಗಿರುವ ತುಂಡನ್ನು ಪುಡಿಪುಡಿ ಮಾಡಬಹುದು. ಒಮ್ಮೆ ಹೋದ ಬಣ್ಣ ಮತ್ತೆ ಬರುವುದಿಲ್ಲ.

ಮೂಲೆಯಲ್ಲಿ ಒಂದು ಹನಿ ವಿನೆಗರ್ ಹಾಕಿ ನೋಡಿ. ಗುಳ್ಳೆ ಎದ್ದರೆ ಅಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸೈಟ್ ಇದೆ, ಆಮ್ಲದ ಕೆಲಸ ಆ ತುಂಡಿಗೆ ಬೇಡ. ಹಿತ್ತಾಳೆಯಂತೆ ಹೊಳೆಯುವ ಚುಕ್ಕೆಗಳಿದ್ದರೆ ಅದು ಪೈರೈಟ್, ಕಬ್ಬಿಣ ಮತ್ತು ಗಂಧಕದ ಖನಿಜ. ಬ್ಲೀಚ್ ಅದನ್ನು ಉತ್ಕರ್ಷಿಸಿ ತುಕ್ಕು ಮಾಡುತ್ತದೆ, ಇಲ್ಲದ ಕಲೆಯನ್ನು ನೀವೇ ತಂದಂತಾಗುತ್ತದೆ. ಇಂಡೋನೇಷ್ಯಾದಿಂದ ಬರುವ ಪಾಲಿಶ್ ಮಾಡಿದ ಹಲಗೆ, ಬೇಸಿನ್, ಮೇಜುಗಳಲ್ಲಿ ಬಿರುಕುಗಳಿಗೆ ರೆಸಿನ್ ತುಂಬಿರುವುದು ಸಾಮಾನ್ಯ. ಬ್ಲೀಚ್‌ಗೆ ರೆಸಿನ್ ಮಂಕಾಗುತ್ತದೆ, ಹಳದಿಗೆ ತಿರುಗುತ್ತದೆ. ಅವಕ್ಕೆ ಸಾಬೂನು ನೀರು ಸಾಕು.

ಅಧ್ಯಯನಕ್ಕೆ ಹೋಗಬೇಕಾದ ತುಂಡಿಗೆ ಯಾವ ರಾಸಾಯನಿಕವನ್ನೂ ಸೋಕಿಸಬೇಡಿ. ತಮಿಳುನಾಡಿನ ತಿರುವಕ್ಕರೈ, ಸಾತನೂರು, ರಾಜಸ್ಥಾನದ ಅಕಲ್‌ನಂಥ ರಕ್ಷಿತ ತಾಣಗಳ ಮರಗಳನ್ನು ಮುಟ್ಟುವುದಾಗಲಿ ಅಲ್ಲಿಂದ ಚೂರು ತರುವುದಾಗಲಿ ಕೂಡದು. ಅಮೆರಿಕದ ಅರಿಜೋನಾದಲ್ಲಿರುವ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಿಂದಲೂ ಚೂರು ತರುವಂತಿಲ್ಲ.

ಕೊಳ್ಳುವಾಗ, ಇಡುವಾಗ

ಮನೆಬಳಕೆಯ ಬ್ಲೀಚ್ ಸಾಮಾನ್ಯವಾಗಿ 4ರಿಂದ 5%. ಕೆಮಿಕಲ್ ಅಂಗಡಿಯಲ್ಲಿ ಕ್ಯಾನ್ ಲೆಕ್ಕದಲ್ಲಿ ಸಿಗುವ ಸೋಡಿಯಂ ಹೈಪೋಕ್ಲೋರೈಟ್ 10ರಿಂದ 12%. ಇದು ನಿಂತಲ್ಲೇ ಶಕ್ತಿ ಕಳೆದುಕೊಳ್ಳುವ ವಸ್ತು. ಬಿರುಬೇಸಿಗೆಯಲ್ಲಿ ಕೆಲವೇ ತಿಂಗಳಲ್ಲಿ ಅರ್ಧಕ್ಕೆ ಇಳಿಯಬಹುದು, ಜೊತೆಗೆ ಅನಿಲ ಬಿಡುತ್ತ ಕ್ಯಾನನ್ನು ಉಬ್ಬಿಸುತ್ತದೆ. ಗಾಳಿ ಹೋಗುವ ಮುಚ್ಚಳ ಇರುವ ಕ್ಯಾನ್‌ನಲ್ಲೇ ಕೊಂಡು, ನೆರಳಲ್ಲಿ, ಆಸಿಡ್ ಇಟ್ಟ ಕಪಾಟಿನಿಂದ ದೂರ ಇಡಿ. ಅಂಗಡಿಯವರು ಕುಡಿಯುವ ನೀರಿನ ಬಾಟಲಿಗೆ ಬಿಡಿಯಾಗಿ ತುಂಬಿ ಕೊಡಲು ಬಂದರೆ ಬೇಡವೆನ್ನಿ. ನೀರಿನಂತೆ ತಿಳಿಯಾದ ಈ ದ್ರವವನ್ನು ನೀರೆಂದು ಕುಡಿದುಬಿಡಲು ಒಂದು ಕ್ಷಣ ಸಾಕು.

ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಅಗ್ಗವೆಂದು ಅದನ್ನು ಬಳಸಲು ಹೋಗಬೇಡಿ. ಅದರಲ್ಲಿ ಸುಣ್ಣವಿದೆ, ಕರಗದ ಗಸಿ ಬಿರುಕುಗಳಲ್ಲಿ ಕೂರುತ್ತದೆ. ಮುಂದೆ ಆಕ್ಸಾಲಿಕ್ ಆಮ್ಲಕ್ಕೆ ಹಾಕಿದಾಗ ಆ ಸುಣ್ಣವೇ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಬಿಳಿ ಪದರವಾಗಿ ಅಂಟಿಕೊಳ್ಳುತ್ತದೆ.

ಆಕ್ಸಾಲಿಕ್ ಪೌಡರ್ ಮೊಸಾಯಿಕ್, ಮಾರ್ಬಲ್ ಪಾಲಿಶ್ ಮಾಡುವವರು ದಿನವೂ ಬಳಸುವ ಬಿಳಿ ಹರಳು, ಸುಲಭವಾಗಿ ಸಿಗುತ್ತದೆ. ಸುಲಭವಾಗಿ ಸಿಗುತ್ತದೆಂದು ಸಸಾರ ಮಾಡಬೇಡಿ. ಕೆಲವೇ ಚಮಚ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು, ಮೂತ್ರಪಿಂಡಕ್ಕೆ ನೇರ ಹೊಡೆತ. ನೋಡಲು ಸಕ್ಕರೆಯಂತೆ ಇರುವುದರಿಂದ ಅಡುಗೆಮನೆಯ ಡಬ್ಬಿ, ಚಮಚ, ತಕ್ಕಡಿ ಯಾವುದನ್ನೂ ಇದಕ್ಕೆ ಬಳಸಬಾರದು.

ತುಕ್ಕು ತೆಗೆಯುವ ದ್ರವಗಳೆಂದು ಹೆಸರಿಲ್ಲದ ಬಾಟಲಿಗಳಲ್ಲಿ ಸಿಗುವ ಕೆಲವದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಸಿಲಿಕಾವನ್ನು ತಿನ್ನುವ ಆಮ್ಲ ಇದೇ, ಅಂದರೆ ನಿಮ್ಮ ಕಲ್ಲೇ ಕರಗುತ್ತದೆ. ಅದಕ್ಕಿಂತ ಮುಖ್ಯ, ಅದು ನೋವು ಕೊಡದೆಯೇ ಚರ್ಮದೊಳಕ್ಕೆ ಇಳಿದು ಎಲುಬಿನವರೆಗೆ ಹೋಗಬಲ್ಲದು. ಮನೆಯಲ್ಲಿ ಇದನ್ನು ಇಡಲೇಬೇಡಿ.

ಮೈಮೇಲೆ ಏನಿರಬೇಕು

ಪಕ್ಕಗಳೂ ಮುಚ್ಚಿರುವ ರಾಸಾಯನಿಕ ಗಾಗಲ್ಸ್. ಬರೀ ಕನ್ನಡಕ ಸಾಲದು. ದಪ್ಪ ನೈಟ್ರೈಲ್ ಕೈಗವಸು, ಮೊಣಕೈವರೆಗೆ ಬರುವಂಥದ್ದು. ಆಸ್ಪತ್ರೆಯ ತೆಳು ಕೈಗವಸು ಕಲ್ಲಿನ ಚೂಪು ಅಂಚಿಗೆ ತೂತಾಗುತ್ತದೆ. ಹಾಕುವ ಮುನ್ನ ಒಳಗೆ ಗಾಳಿ ಹಿಡಿದು ಒತ್ತಿ ನೋಡಿ. ಪಿವಿಸಿ ಏಪ್ರನ್, ಗಮ್‌ಬೂಟ್. ಪ್ಯಾಂಟನ್ನು ಬೂಟಿನ ಹೊರಗೆ ಬಿಡಿ, ಒಳಗೆ ತುರುಕಿದರೆ ಚೆಲ್ಲಿದ್ದೆಲ್ಲ ಕಾಲಿಗೇ ಇಳಿಯುತ್ತದೆ. ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಅನಿಲವನ್ನಲ್ಲ. ಆಕ್ಸಾಲಿಕ್ ಪುಡಿ ತೂಗುವಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಆಸಿಡ್ ಅನಿಲದ ಕಾರ್ಟ್ರಿಜ್ ಇರುವ ಮುಖವಾಡ ಇದ್ದರೂ, ಅದಿದೆಯೆಂದು ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುವ ಧೈರ್ಯ ಬೇಡ.

ಜಾಗ ಹೊರಗಿರಲಿ. ಅಂಗಳ, ತಾರಸಿ, ಗಾಳಿ ಬೆನ್ನಿನ ಕಡೆಯಿಂದ ಬರುವಂತೆ ನಿಲ್ಲಿ. ಸಂಪ್, ತಗ್ಗು, ನೆಲಮಾಳಿಗೆ ಕೂಡದು. ಬಚ್ಚಲುಮನೆ, ಶೌಚಾಲಯ ಮೊದಲೇ ಬೇಡ: ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಚೆಲ್ಲಿದ ಬ್ಲೀಚ್ ಮೋರಿಯಲ್ಲೇ ಅದನ್ನು ಸಂಧಿಸುತ್ತದೆ. ಮೂತ್ರ, ಅಮೋನಿಯಾ ಇರುವ ಗಾಜು ಒರೆಸುವ ದ್ರವ ಸೇರಿದರೆ ಕ್ಲೋರಮೈನ್ ಎಂಬ ಇನ್ನೊಂದು ಕೆಟ್ಟ ಅನಿಲ. ಎಟುಕುವ ದೂರದಲ್ಲಿ ಪೈಪ್ ಹಾಕಿದ, ತೆರೆದೇ ಇರುವ ನಲ್ಲಿ ಇರಲಿ. ಕಣ್ಣಿಗೆ ಹಾರಿದ ಮೇಲೆ ನಲ್ಲಿ ಹುಡುಕಿಕೊಂಡು ಹೋಗುವಂತಾಗಬಾರದು.

ಬ್ಲೀಚ್ ಹಂತ

ಮೊದಲು ಬರೀ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ನೈಲಾನ್ ಬ್ರಷ್‌ನಿಂದ ಉಜ್ಜಿ. ಕಲ್ಲುಹೂವಿನಲ್ಲಿ ಅರ್ಧಪಾಲು ಇದರಲ್ಲೇ ಎದ್ದುಬರುತ್ತದೆ. ಬಿರುಕುಗಳು ಮೊದಲೇ ಸಾದಾ ನೀರಿನಿಂದ ತುಂಬಿಕೊಂಡಿದ್ದರೆ ಬ್ಲೀಚ್ ಒಳಕ್ಕೆ ಇಳಿಯುವುದೂ ಕಡಿಮೆ. ಉಕ್ಕಿನ ಬ್ರಷ್ ಬೇಡ. ಕಲ್ಲು ಉಕ್ಕಿಗಿಂತ ಗಟ್ಟಿಯಾದ್ದರಿಂದ ಸವೆಯುವುದು ಬ್ರಷ್, ಅದರ ಲೋಹ ಬೂದು ಗೀಟುಗಳಾಗಿ ಕಲ್ಲಿನ ಮೇಲೆ ಉಳಿದು ನಾಲ್ಕು ದಿನಕ್ಕೆ ತುಕ್ಕು ಹಿಡಿಯುತ್ತದೆ.

ದಪ್ಪ ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಿ. ಅಲ್ಯುಮಿನಿಯಂ, ತಗಡು ಬೇಡ. 10 ಲೀಟರ್ 1% ದ್ರಾವಣಕ್ಕೆ 9 ಲೀಟರ್ ನೀರು ಮೊದಲು, ಆಮೇಲೆ 10% ಹೈಪೋಕ್ಲೋರೈಟ್ 1 ಲೀಟರ್, ಬಕೆಟ್ ಗೋಡೆಗೆ ತಾಗಿಸಿ ನಿಧಾನವಾಗಿ. 5%ರ ಮನೆಬಳಕೆ ಬ್ಲೀಚ್ ಆದರೆ 8 ಲೀಟರ್ ನೀರಿಗೆ 2 ಲೀಟರ್. ಕಲ್ಲನ್ನು ಕೈಯಿಂದ ಬೀಳಿಸದೆ, ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು ಇಳಿಸಿ. ಮೇಲೆ ಎರಡು ಬೆರಳು ದ್ರಾವಣ ನಿಲ್ಲಲಿ. ಮುಚ್ಚಳವನ್ನು ಸಡಿಲವಾಗಿ ಇಡಿ. 12ರಿಂದ 24 ಗಂಟೆ ಸಾಕು. ಕಪ್ಪು ಕಲ್ಲುಹೂವು ಹಠ ಹಿಡಿದರೆ 2% ಮಾಡಿ ಇನ್ನೊಂದು ದಿನ ಇಡಬಹುದು, ಅದಕ್ಕಿಂತ ಗಟ್ಟಿ ಮಾಡಿದರೆ ಕೆಲಸ ಬೇಗ ಆಗುವುದಿಲ್ಲ, ಅಪಾಯವಷ್ಟೇ ಹೆಚ್ಚು. ದ್ರಾವಣವನ್ನು ಬಿಸಿ ಮಾಡಬೇಡಿ. ಬಿಸಿಲಲ್ಲಿ ಕಾದ ಕಲ್ಲನ್ನು ತಣ್ಣೀರಿಗೆ ಹಾಕಿದರೆ, ಓಪಲ್ (ನೀರಿನಂಶ ಇರುವ ಸಿಲಿಕಾ) ಆಗಿರುವ ತುಂಡು ಜಾಲಜಾಲವಾಗಿ ಬಿರಿಯುತ್ತದೆ.

ಬಕೆಟ್‌ನಲ್ಲಿ ಮುಳುಗದ ದೊಡ್ಡ ಬೊಡ್ಡೆಗೆ ಸ್ಪ್ರೇ ಬಾಟಲಿ ಹಿಡಿಯಬೇಡಿ. ತುಂತುರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಹಳೆಯ ಹತ್ತಿಬಟ್ಟೆಯನ್ನು 1% ಬ್ಲೀಚ್‌ನಲ್ಲಿ ಅದ್ದಿ ಕಲೆಯ ಮೇಲೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಕೆಲವು ಗಂಟೆ ಬಿಟ್ಟು ತೆಗೆದು ಅದೇ ರೀತಿ ಬರೀ ನೀರಿನ ಬಟ್ಟೆ ಹೊದಿಸಿ.

ನಡುವಿನ ನೀರು

ಬ್ಲೀಚ್‌ನಲ್ಲಿ ಎಷ್ಟು ಹೊತ್ತು ಇತ್ತೋ ಕನಿಷ್ಠ ಅದರ ಎರಡು ಪಟ್ಟು ಹೊತ್ತು ಬರೀ ನೀರಿನಲ್ಲಿ ಇರಬೇಕು, ದಿನಕ್ಕೆ ಎರಡು ಸಲ ನೀರು ಬದಲಿಸಬೇಕು. ತೊಗಟೆ ಟೊಳ್ಳಾಗಿದ್ದರೆ, ಬಿರುಕು ಹೆಚ್ಚಿದ್ದರೆ ಮೂರು ಪಟ್ಟು. ಎರಡನೇ ದಿನದ ನೀರಿಗೆ, 10 ಲೀಟರ್‌ಗೆ 20ರಿಂದ 25 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹಾಕಿ. ಫೋಟೋ ತೊಳೆಯುವವರು, ಮೀನಿನ ತೊಟ್ಟಿ ಇಟ್ಟವರು ಹೈಪೋ ಎನ್ನುವ ಹರಳು ಇದೇ. ಉಳಿದ ಕ್ಲೋರಿನ್ನನ್ನು ಅದು ಮುಗಿಸುತ್ತದೆ. ಆಮೇಲೆ ಹೈಪೋವನ್ನೂ ತೊಳೆದು ತೆಗೆಯಿರಿ, ಆಮ್ಲಕ್ಕೆ ಅದು ಹೋದರೆ ಗಂಧಕದ ಬಿಳಿ ಮಸುಕು ಬಿರುಕಲ್ಲಿ ಕೂರುತ್ತದೆ.

ವಾಸನೆ ಇಲ್ಲ ಎಂಬುದು ಸಾಕ್ಷಿಯಲ್ಲ. ಬ್ಲೀಚ್ ಮುಂದೆ ಒಂದು ಗಂಟೆ ಕೂತವರ ಮೂಗು ಮಂದವಾಗಿರುತ್ತದೆ. ಗ್ರಾಮ ಪಂಚಾಯಿತಿಯ ನೀರಗಂಟಿಗಳು ಕುಡಿಯುವ ನೀರಿನಲ್ಲಿ ಕ್ಲೋರಿನ್ ಎಷ್ಟಿದೆಯೆಂದು ನೋಡಲು ಬಳಸುವ ಕ್ಲೋರೋಸ್ಕೋಪ್ ಇಲ್ಲಿ ಚೆನ್ನಾಗಿ ಒದಗುತ್ತದೆ. ಕಲ್ಲು ಆರು ಗಂಟೆ ನಿಂತ ತಾಜಾ ನೀರಿನಿಂದ ಮಾದರಿ ತೆಗೆದು ಕ್ಲೋರಿನ್ ತಾಗಿದರೆ ಬಣ್ಣ ಬದಲಿಸುವ ಆರ್ಥೋಟಾಲಿಡಿನ್ ಹನಿ ಹಾಕಿ. ಹಳದಿ ಬಂದರೆ ಕ್ಲೋರಿನ್ ಇನ್ನೂ ಹೊರಬರುತ್ತಿದೆ, ಕಿತ್ತಳೆಯಾದರೆ ಬಹಳ ಇದೆ. ಮ್ಯಾಂಗನೀಸ್ ಇರುವ ಕಲ್ಲು ಸುಳ್ಳು ಹಳದಿ ತೋರಿಸಬಹುದು, ತೋರಿಸಲಿ. ಸಂಶಯ ಬಂದಾಗ ಇನ್ನೊಂದು ದಿನ ನೀರಲ್ಲಿ ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ, ಕಲ್ಲು ಕೋಟ್ಯಂತರ ವರ್ಷ ಕಾದಿದೆ.

ಪೆರಾಕ್ಸೈಡ್ ಬಳಸುವುದಾದರೆ

ತಿಳಿ ಬಣ್ಣದ ತುಂಡಿನಲ್ಲಿ ಬ್ಲೀಚ್‌ಗೂ ಹೋಗದ ಕಂದು ನೆರಳು ಉಳಿದರೆ 3ರಿಂದ 6% ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಅಂಗಡಿಯಲ್ಲಿ ಸಿಗುವುದು 30% ಅಥವಾ 50%. 50%ರದ್ದಾದರೆ 9 ಪಾಲು ನೀರಿಗೆ 1 ಪಾಲು, 30%ರದ್ದಾದರೆ 4 ಪಾಲು ನೀರಿಗೆ 1 ಪಾಲು ಸೇರಿಸಿದರೆ ಸುಮಾರು 6% ಆಗುತ್ತದೆ.

ಗಟ್ಟಿ ಪೆರಾಕ್ಸೈಡನ್ನು ನೇರವಾಗಿ ಕಲ್ಲಿನ ಮೇಲೆ ಹಾಕಲೇಬೇಡಿ. ಕಾರಣ ಕಲ್ಲಿನಲ್ಲೇ ಇದೆ. ಮ್ಯಾಂಗನೀಸ್ ಡೈಆಕ್ಸೈಡ್ ಪೆರಾಕ್ಸೈಡನ್ನು ಒಡೆಯುವ ವೇಗವರ್ಧಕ, ಕಬ್ಬಿಣವೂ ತಕ್ಕಮಟ್ಟಿಗೆ ಹಾಗೆಯೇ. 30% ಪೆರಾಕ್ಸೈಡ್‌ನ ಒಂದು ಲೀಟರ್ ಒಡೆದರೆ ಸುಮಾರು 100 ಲೀಟರ್ ಆಮ್ಲಜನಕ ಹೊರಬರುತ್ತದೆ, ದ್ರಾವಣ ಕುದಿಯುವಷ್ಟು ಕಾಯುತ್ತದೆ. ಕಪ್ಪು ಕವಲುಗೆರೆಗಳ ತುಂಡನ್ನು ಹಾಕಿದ ಗಳಿಗೆಯಲ್ಲಿ ಬಕೆಟ್ ನೊರೆಗಟ್ಟಿ ಆವಿಯೊಡನೆ ಮೇಲೇಳುತ್ತದೆ. ದುರ್ಬಲ ದ್ರಾವಣದಲ್ಲೂ ಮೊದಲು ಮೂಲೆಯನ್ನು ಮಾತ್ರ ಅದ್ದಿ ಐದು ನಿಮಿಷ ನೋಡಿ. ಜೋರಾಗಿ ನೊರೆ ಎದ್ದರೆ ಆ ತುಂಡಿಗೆ ಪೆರಾಕ್ಸೈಡ್ ಬೇಡ. ಇದನ್ನು ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಎಂದೂ ಇಡಬಾರದು. ಗಟ್ಟಿ ಪೆರಾಕ್ಸೈಡ್ ಒರೆಸಿದ ಬಟ್ಟೆ, ಕಾಗದ ಒಣಗುತ್ತ ಬೆಂಕಿ ಹಿಡಿಯಬಹುದು. ಕೂಡಲೇ ಧಾರಾಳ ನೀರಲ್ಲಿ ಅದ್ದಿ. ಬ್ಲೀಚ್ ಬಕೆಟ್‌ಗೆ ಪೆರಾಕ್ಸೈಡ್ ಸುರಿಯುವುದೂ ಬೇಡ, ಎರಡೂ ಸೇರಿ ಆಮ್ಲಜನಕವಾಗಿ ಉಕ್ಕುತ್ತವೆ.

ತುಕ್ಕಿಗೆ ಆಕ್ಸಾಲಿಕ್

ನೀರು ಇಲ್ಲಿ ಬಹಳ ಮುಖ್ಯ. ಕೊಳವೆಬಾವಿಯ ಗಡಸು ನೀರಿನಲ್ಲಿ ಆಕ್ಸಾಲಿಕ್ ಕಲಸಿದರೆ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ. ನೀರಿನ ಕ್ಯಾಲ್ಸಿಯಂ ಆಕ್ಸಲೇಟಾಗಿ ಕಲ್ಲಿನ ಮೇಲೆ ಕೂತು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆರ್‌ಒ ನೀರು, ಬ್ಯಾಟರಿಗೆ ಹಾಕುವ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ. ಆರ್‌ಒ ಯಂತ್ರ ಹೊರಹಾಕುವ ನೀರು ಇನ್ನೂ ಗಡಸು, ಅದಂತೂ ಬೇಡ.

5 ಲೀಟರ್ ನೀರಿಗೆ 250 ಗ್ರಾಂ ಹರಳು. ಗಾಳಿಯಿಲ್ಲದ ಕಡೆ ತೂಗಿ, ನೀರಿಗೆ ನಿಧಾನವಾಗಿ ಹಾಕಿ ಪ್ಲಾಸ್ಟಿಕ್ ಕೋಲಿನಿಂದ ಕಲಕಿ. ಒಂದರಿಂದ ನಾಲ್ಕು ದಿನ ನೆನೆಸಿ, ದಿನಕ್ಕೊಮ್ಮೆ ನೋಡಿ. ನೀರು ಹಸಿರು ಹಳದಿಗೆ ತಿರುಗುವುದು ಕಬ್ಬಿಣ ಕರಗುತ್ತಿರುವ ಗುರುತು. ಒಲೆಯ ಮೇಲೆ ಕಾಯಿಸುವವರಿದ್ದಾರೆ, ಆ ಆವಿ ಗಂಟಲು ಸುಡುತ್ತದೆ. ಕಲ್ಲಿನ ಸಹಜ ಕೆಂಪು, ಹಳದಿಯೂ ಕಬ್ಬಿಣದ್ದೇ ಎಂಬುದು ನೆನಪಿರಲಿ. ಸಿಲಿಕಾದೊಳಗೆ ಹುದುಗಿದ ಬಣ್ಣ ಉಳಿಯುತ್ತದೆ, ಮೇಲ್ಮೈಯದು ತೆಳುವಾಗಬಹುದು. ಇಷ್ಟವಾದ ಬಣ್ಣ ಕಂಡ ದಿನವೇ ತೆಗೆದುಬಿಡಿ.

ತೆಗೆದ ಮೇಲೆ ಮತ್ತೆ ಎರಡು ಪಟ್ಟು ಹೊತ್ತು ಅದೇ ಮೆದು ನೀರಿನಲ್ಲಿ. ಕೊನೆಯಲ್ಲಿ ಲೀಟರ್‌ಗೆ 20 ಗ್ರಾಂ ಅಡುಗೆ ಸೋಡಾ ಕರಗಿಸಿ ಒಂದು ದಿನ ಇಡಿ. ಬಿರುಕಿನಿಂದ ಗುಳ್ಳೆ ಏಳುವುದು ನಿಲ್ಲುವವರೆಗೂ ಆಮ್ಲ ಉಳಿದಿದೆ ಎಂದೇ ಅರ್ಥ.

ಉಳಿದದ್ದನ್ನು ಎಲ್ಲಿ ಚೆಲ್ಲಬೇಕು

ಎರಡು ದ್ರಾವಣವನ್ನು ಒಂದೇ ಮೋರಿಗೆ ಒಂದರ ಹಿಂದೆ ಒಂದು ಚೆಲ್ಲುವುದು ಅದೇ ಕ್ಲೋರಿನ್ ಅಪಾಯವನ್ನು ಚರಂಡಿಗೆ ಸಾಗಿಸಿದಂತೆ. ಬ್ಲೀಚನ್ನು ಅಗಲ ಟಬ್ಬಿನಲ್ಲಿ, ಮಕ್ಕಳು, ನಾಯಿ ಹೋಗದ ಕಡೆ ಬಿಸಿಲಿಗೆ ಇಟ್ಟರೆ ಕೆಲವು ದಿನಗಳಲ್ಲಿ ಸತ್ವ ಕಳೆಯುತ್ತದೆ. ಕ್ಲೋರೋಸ್ಕೋಪ್‌ನಲ್ಲಿ ಬಣ್ಣ ಬಾರದ ಮೇಲೆ ಧಾರಾಳ ನೀರು ಬೆರೆಸಿ ಗಿಡಗಳಿಲ್ಲದ ಕಡೆ ಚೆಲ್ಲಿ. ಸೆಪ್ಟಿಕ್ ಟ್ಯಾಂಕಿಗೆ ಬ್ಲೀಚ್ ಹೋದರೆ ಅಲ್ಲಿನ ಬ್ಯಾಕ್ಟೀರಿಯಾ ಸಾಯುತ್ತವೆ. ಆಕ್ಸಾಲಿಕ್‌ಗೆ ಸುಣ್ಣವೇ ಮದ್ದು: 100 ಗ್ರಾಂ ಹರಳಿಗೆ ಲೆಕ್ಕದಂತೆ 59 ಗ್ರಾಂ ಅರಳಿದ ಸುಣ್ಣ ಬೇಕು, 250 ಗ್ರಾಂ ಹಾಕಿದ ಬಕೆಟ್‌ಗೆ 200 ಗ್ರಾಂ ಸ್ವಲ್ಪಸ್ವಲ್ಪವಾಗಿ ಹಾಕಿ ಕಲಕಿ ಒಂದು ರಾತ್ರಿ ಬಿಡಿ. ವಿಷದ ಭಾಗ ಕರಗದ ಬಿಳಿ ಗಸಿಯಾಗಿ ತಳ ಸೇರುತ್ತದೆ. ಮೇಲಿನ ತಿಳಿ ಸುಣ್ಣದ ನೀರಾದ್ದರಿಂದ ಅದನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಬೇಕಾದಷ್ಟು ನೀರು ಬೆರೆಸಿ ಚೆಲ್ಲಿ.

ತಪ್ಪಿ ಅವಘಡವಾದರೆ

ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ ಹಿಡಿದು ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ. ಬ್ಲೀಚ್ ಕ್ಷಾರ, ಉರಿ ಕಡಿಮೆಯಾದರೂ ಒಳಗೆ ತಿನ್ನುತ್ತಿರುತ್ತದೆ. ಚರ್ಮಕ್ಕೂ ನೀರೇ. ಬ್ಲೀಚ್ ಬಿದ್ದ ಕಡೆ ನಿಂಬೆರಸ, ವಿನೆಗರ್ ಹಚ್ಚುವುದು ಗಾಯದ ಮೇಲೆಯೇ ಕ್ಲೋರಿನ್ ಮಾಡಿದಂತೆ. ಗಾಢ ಪೆರಾಕ್ಸೈಡ್ ತಾಗಿದ ಚರ್ಮ ಬೆಳ್ಳಗಾಗಿ ಚುಚ್ಚುತ್ತದೆ, ಚೆನ್ನಾಗಿ ತೊಳೆಯಿರಿ.

ಬಕೆಟ್‌ನಿಂದ ಹಳದಿ ಹಸಿರು ಹೊಗೆ ಅಥವಾ ಉಸಿರು ಕಟ್ಟಿಸುವ ಘಾಟು ಬಂದರೆ ಸರಿಮಾಡಲು ಹೋಗಬೇಡಿ, ಕಲ್ಲನ್ನು ಎತ್ತಿಕೊಳ್ಳಲೂ ಹೋಗಬೇಡಿ. ಗಾಳಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ನಡೆಯಿರಿ, ಮನೆಯವರನ್ನೂ ಕರೆದುಕೊಳ್ಳಿ. ಕೆಮ್ಮು ನಿಂತಿತೆಂದು ಸುಮ್ಮನಿರುವುದು ತಪ್ಪು. ಶ್ವಾಸಕೋಶದಲ್ಲಿ ನೀರು ತುಂಬುವುದು ಹಲವು ಗಂಟೆಗಳ ನಂತರವೂ ಶುರುವಾಗಬಹುದು, ಅದೇ ದಿನ ವೈದ್ಯರಿಗೆ ತೋರಿಸಿ. ನುಂಗಿದರೆ ವಾಂತಿ ಮಾಡಿಸಬೇಡಿ, ಬಾಯಿ ತೊಳೆಸಿ, ಕ್ಯಾನಿನ ಲೇಬಲ್ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಕರ್ನಾಟಕದಲ್ಲಿ ಆಂಬ್ಯುಲೆನ್ಸ್‌ಗೆ 108.

ಒಣಗಿಸುವುದು

ನೆರಳಲ್ಲಿ, ನಿಧಾನವಾಗಿ. ಓಪಲ್ ತುಂಡುಗಳನ್ನು ಮೊದಲ ಎರಡು ದಿನ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಣಗಿದ ಮೇಲೆ ಬಿಳಿ ಹುಡಿ ಮೂಡಿದರೆ ಕೈಗವಸಿನ ಒದ್ದೆ ಬೆರಳಿಂದ ಒರೆಸಿ ನೋಡಿ. ಕರಗಿ ಮಾಯವಾದರೆ ಅದು ಬ್ಲೀಚ್‌ನಿಂದ ಉಳಿದ ಉಪ್ಪು, ಇನ್ನೂ ಒಂದು ವಾರ ನೀರಲ್ಲಿರಬೇಕಿತ್ತು ಎಂದು ತಿಳಿದು ಮತ್ತೆ ನೆನೆಸಿ. ಕರಗದೆ ಉಳಿದರೆ ಅದು ಕ್ಯಾಲ್ಸಿಯಂ ಆಕ್ಸಲೇಟ್. ಅದನ್ನು ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಅಷ್ಟು ಸಣ್ಣ ಕಲೆಗೆ ಇನ್ನೊಂದು ಆಮ್ಲವನ್ನು ಮನೆಗೆ ತರುವುದಕ್ಕಿಂತ ಮರದ ಕಡ್ಡಿಯಿಂದ ಕೆರೆದು ಬಂದಷ್ಟನ್ನು ತೆಗೆದು, ಉಳಿದದ್ದನ್ನು ಹಾಗೇ ಬಿಡುವುದೇ ಸರಿ.